ಒಂದು ಮೊರ ತೌಡು

ಖಂಡೆಪ್ಪನಿಗೆ ಒಬ್ಬ ಮಗನಿದ್ದ. ಆದರೆ ಹಾಗೆಂದು ಅವನು ಹದಿನಾರು ವರ್ಷ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಕಲಬುರಗಿಯಲ್ಲಿ ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವನ ಎರಡು ಖೋಲಿಯ ಮನೆ. ಆ ಮನೆಯಲ್ಲಿ ಎದುರಿಗೆ ಕೂತು ರೊಟ್ಟಿ ತಿನ್ನುವ ಹುಡುಗನನ್ನು ತೋರಿಸಿ ಯಾರಾದರೂ ಕೇಳಿದರೆ, ‘ಕಮಲಾಪುರದ ಕುಲ್ಸುಮ್‌ಬೀ ಹುಡುಗರೀ, ನಮ್ಮ ಕಡೆ ಇರ್ತಾನ’ ಎನ್ನುತ್ತಿದ್ದ. ಹುಡುಗನ ಮೂಗು ಮಾತ್ರ ಖಂಡೆಪ್ಪನದೇ. ಓಣಿಗೆ ಮೊದಲು ಆ ಮೂಗು ಬರುತ್ತದೆ, ಖಂಡೆಪ್ಪ ಆಮೇಲೆ ಬರುತ್ತಾನೆ ಎಂದು ಜನ ಆಡಿಕೊಳ್ಳುತ್ತಿದ್ದರು. ಕೇಳಿದವರು ಎರಡೂ ಮೂಗುಗಳನ್ನು ಒಮ್ಮೆ ನೋಡಿ ಸುಮ್ಮನಾಗುತ್ತಿದ್ದರು. ನಮ್ಮ ಸೀಮೆಯಲ್ಲಿ ಇಂಥದ್ದನ್ನು ಕೆದಕಿ ಕೇಳುವುದಿಲ್ಲ; ಹಿಂದಿನಿಂದ ಮಾತಾಡಿಕೊಳ್ಳುತ್ತೇವೆ, ಅಷ್ಟೆ.

ಸಂಗತಿ ಇಷ್ಟು. ಖಂಡೆಪ್ಪ ಮತ್ತು ಅವನ ಹೆಂಡತಿ ಕಸ್ತೂರಿಬಾಯಿಗೆ ಹುಟ್ಟಿದ ಮೊದಲ ಮೂರು ಕೂಸುಗಳು ಒಂದರ ಹಿಂದೊಂದು ಹೋದವು. ಒಂದು ಹನ್ನೊಂದನೇ ದಿನಕ್ಕೆ, ಒಂದು ಹಲ್ಲು ಮೂಡುವ ಹೊತ್ತಿಗೆ, ಮತ್ತೊಂದು ‘ಅವ್ವ’ ಎನ್ನಲು ಕಲಿತ ವಾರಕ್ಕೆ. ಆಗ ಅವರಿದ್ದದ್ದು ಕಮಲಾಪುರದಲ್ಲಿ. ನಾಲ್ಕನೆಯದು ಹುಟ್ಟಿದ್ದು ಊರಿಗೂರೇ ಜ್ವರದಲ್ಲಿ ಬಿದ್ದು, ಮಣ್ಣು ಕೊಡಲು ಹೆಗಲು ಸಿಗದಂಥ ವರ್ಷ. ಸೂಲಗಿತ್ತಿ ಬಂಡೆಮ್ಮ ಹೊಕ್ಕುಳ ಕತ್ತರಿಸಿದ ಕೈಯನ್ನು ತೊಳೆಯುತ್ತ, ಈ ಕೂಸು ನಿಮ್ಮ ಹೆಸರಿನ ಮೇಲೆ ಇದ್ದರೆ ಇದೂ ಹೋಗುತ್ತದೆ, ಮಾರಿಬಿಡಿ ಎಂದಳು.

ಮಾರಿದರು. ಎರಡು ಮನೆ ಆಚೆಗೆ ಹತ್ತಿ ಹಿಂಜುವ ಪಿಂಜಾರ ಲಾಲ್ ಅಹ್ಮದನ ಮನೆ. ಅವನ ಹೆಂಡತಿ ಕುಲ್ಸುಮ್‌ಗೆ ಮಕ್ಕಳಿರಲಿಲ್ಲ. ಅವಳು ಒಂದು ಮೊರ ತೌಡು ತಂದು ಕಸ್ತೂರಿಬಾಯಿಯ ಸೆರಗಿಗೆ ಸುರಿದಳು, ಖಾಲಿ ಮೊರದಲ್ಲಿ ಕೂಸನ್ನು ಮಲಗಿಸಿಕೊಂಡು ತನ್ನ ಹೊಸ್ತಿಲು ದಾಟಿದಳು. ಹೊತ್ತು ಮುಳುಗುವ ಮುಂಚೆ ತಿರುಗಿ ಬಂದು, ‘ನನ್ನ ಕೂಸು, ಸಾಕಿ ಕೊಡ್ರಿ’ ಎಂದು ಮಡಿಲಿಗೆ ಹಾಕಿದಳು. ಲಾಲ್ ಅಹ್ಮದನ ಹೆಸರಿನಿಂದ ಕೂಸು ಲಾಲಪ್ಪನಾಯಿತು. ಅಂದಿನಿಂದ ಹಡೆದವರು ಅದನ್ನು ‘ನನ್ನ ಮಗ’ ಅನ್ನುವಂತಿಲ್ಲ. ಅದು ಹಡೆದವರನ್ನು ಕಾಕಾ, ಕಾಕಿ ಎನ್ನಬೇಕು. ಲಗ್ನದ ದಿನ ಒಂದು ಮೊರ ತೌಡು, ಒಂದು ಸೀರೆ ತಿರುಗಿ ಕೊಟ್ಟು ಮಗನನ್ನು ಬಿಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಜವರಾಯ ಖಂಡೆಪ್ಪನ ಮಗ ಎಲ್ಲಿ ಎಂದು ಬಂದರೆ, ಇಲ್ಲಿರುವುದು ಪಿಂಜಾರನ ಹುಡುಗ ಎಂದು ತಿಳಿದು ಹಿಂದಿರುಗುತ್ತಾನೆ. ಸಾವು ಕೂಡ ಪಹಣಿ ನೋಡಿಯೇ ಬರುತ್ತದೆ ಎಂಬುದು ಅವರ ನಂಬಿಕೆ. ಸರಕಾರದ ಜೊತೆ ತಲೆಮಾರುಗಟ್ಟಲೆ ಬಾಳಿದವರಿಗೆ ಬೇರೆ ನಂಬಿಕೆ ಹುಟ್ಟುವುದು ಕಷ್ಟ.

ಲಾಲಪ್ಪ ಬದುಕಿದ. ಅಷ್ಟೇ ಅಲ್ಲ, ಓದಿದ.

ಖಂಡೆಪ್ಪ ಹೊಟ್ಟೆಪಾಡಿಗೆ ಕಲಬುರಗಿಗೆ ಬಂದು, ಸಾಲಿಯೊಂದರಲ್ಲಿ ಚಪರಾಸಿಯಾಗಿ, ಮುಂದೆ ಹೈದರಾಬಾದಿನ ವಿಶ್ವವಿದ್ಯಾಲಯಕ್ಕೆ ಸೇರಿದ ಇಂಟರ್ ಕಾಲೇಜು ಶುರುವಾದಾಗ ಅಲ್ಲಿಗೆ ಹೋದ. ಗಂಟೆ ಹೊಡೆಯುವುದು ಅವನ ಕೆಲಸ. ಗಂಟೆಯೆಂದರೆ ಬೇವಿನ ಮರಕ್ಕೆ ತೂಗುಹಾಕಿದ ರೈಲು ಹಳಿಯ ತುಂಡು. ಪ್ರೊಫೆಸರರು ಪಾಠ ನಿಲ್ಲಿಸುವುದು ಅವರಿಗೆ ಮುಗಿದಾಗ ಅಲ್ಲ, ನನಗೆ ಮುಗಿದಾಗ ಎಂದು ಅವನು ಒಮ್ಮೊಮ್ಮೆ ಬೀಗುತ್ತಿದ್ದುದುಂಟು. ಬೀಗಲು ಅವನಿಗೆ ಬೇರೆ ಹೆಚ್ಚೇನೂ ಇರಲಿಲ್ಲ. ಲಾಲಪ್ಪ ಆ ಬೇವಿನ ಬುಡದಲ್ಲೇ ಕೂತು ಉರ್ದು ಕಲಿತ, ಲೆಕ್ಕ ಕಲಿತ, ಮೆಟ್ರಿಕ್ ಪಾಸಾದ. ಮುಂದಿನ ಇಂಟರ್‌ನ ಫೀ ಮಾತ್ರ ಚಪರಾಸಿಯ ಪಗಾರಕ್ಕೆ ಎಟುಕುವಂಥದ್ದಲ್ಲ.

ಆ ವರ್ಷವೇ ಹೈದರಾಬಾದಿನಿಂದ ಆಜ್ಞೆ ಬಂತು. ವಿಶ್ವವಿದ್ಯಾಲಯದ ನೌಕರರ ಮಕ್ಕಳಿಗೆ, ಪ್ರೊಫೆಸರನಿಂದ ಕಸ ಹೊಡೆಯುವವನವರೆಗೆ, ಇಂಟರ್‌ಗೆ ಪೂರಾ ಫೀ ಮಾಫಿ. ಪಾಸಾದರೆ ಹೈದರಾಬಾದಿಗೆ ಹೋಗಿ ಬಿ.ಎ. ಓದಲಿಕ್ಕೂ ಮಾಫಿ. ಆಜ್ಞೆಯನ್ನು ಓದಿ ಹೇಳಿದವರು ಹೆಡ್ ಕ್ಲಾರ್ಕ್ ನರಸಿಂಹರಾಯರು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಆಫೀಸಿನಲ್ಲಿ ಉರ್ದು ಆಡುವ, ಸಿಟ್ಟು ಬಂದರೆ ಮೂರನ್ನೂ ಒಟ್ಟಿಗೆ ಆಡುವ ಮನುಷ್ಯ. ಖಂಡೆಪ್ಪ ಕಮಲಾಪುರದಿಂದ ತಂದುಕೊಡುವ ಕೆಂಪು ಬಾಳೆಹಣ್ಣಿನ ಮೇಲೆ ಅವರಿಗೆ ಪ್ರೀತಿ, ಹಣ್ಣು ಇಲ್ಲದಾಗ ಖಂಡೆಪ್ಪನ ಮೇಲೂ ಸ್ವಲ್ಪ ಪ್ರೀತಿ.

ಆಜ್ಞೆಗೆ ಒಂದು ಬಾಲವಿತ್ತು. ಎಲ್ಲೋ ಒಂದು ಕಡೆ ಒಬ್ಬ ನೌಕರನಿಗೆ ಒಂದೇ ವರ್ಷದಲ್ಲಿ ನಾಲ್ಕು ಗಂಡುಮಕ್ಕಳು ಹುಟ್ಟಿದ್ದರಂತೆ, ನಾಲ್ವರೂ ಬೇರೆ ಬೇರೆ ಊರಿನಲ್ಲಿ. ಅಣ್ಣನ ಮಕ್ಕಳು, ಹೆಂಡತಿಯ ತಮ್ಮಂದಿರು ಎಲ್ಲರೂ ಮಕ್ಕಳಾಗಿ ಬರತೊಡಗಿದ್ದರಿಂದ, ಇನ್ನು ಮುಂದೆ ನೌಕರನು ಹುಡುಗನೊಂದಿಗೆ ಪ್ರಿನ್ಸಿಪಾಲರ ಎದುರು ನಿಂತು, ಇವನು ನನ್ನ ಸ್ವಂತ ಮಗ ಎಂದು ದೇವರ ಮೇಲೆ ಆಣೆಯಿಟ್ಟು, ಎಲ್ಲರಿಗೂ ಕೇಳುವಂತೆ ಬಾಯಲ್ಲಿ ಹೇಳಬೇಕು.

‘ಬರದು ಕೊಟ್ರ ನಡಿಯೂದಿಲ್ಲೇನ್ರೀ ರಾಯರ?’ ಎಂದು ಖಂಡೆಪ್ಪ ಕೇಳಿದ.

ಬರೆಯುವುದಕ್ಕೆ ಅವನ ಅಭ್ಯಂತರವಿರಲಿಲ್ಲ. ಅರ್ಜಿ ಉರ್ದುವಿನಲ್ಲಿ ಇರುತ್ತದೆ. ಜವರಾಯನಿಗೆ ಉರ್ದು ಬರುವುದು ಅನುಮಾನ. ಆದರೆ ಆಮೇಲೆ ಮಲಗಿದಾಗ ಅವನಿಗೆ ಅದೂ ಅಧೈರ್ಯವಾಯಿತು. ಈ ರಾಜ್ಯದಲ್ಲಿ ಪಟವಾರಿಯಿಂದ ತಹಸೀಲ್ದಾರನವರೆಗೆ ಎಲ್ಲರೂ ಉರ್ದು ಕಲಿತೇ ಕೆಲಸ ಉಳಿಸಿಕೊಂಡಿರುವಾಗ, ಅವನೊಬ್ಬ ಕಲಿಯದೆ ಬಿಟ್ಟಾನೆಯೇ?

ಮನೆಯಲ್ಲಿ ಮೂರು ದಿನ ಇದೇ ಮಾತು. ಲಗ್ನವನ್ನೇ ಮುಗಿಸಿ ಹುಡುಗನನ್ನು ಬಿಡಿಸಿಕೊಳ್ಳೋಣವೆಂದರೆ ಎದುರಿಗೆ ಆಷಾಢ. ಮೇಲಾಗಿ ಪಿಂಜಾರನ ಹುಡುಗನಿಗೆ ಲಿಂಗವಂತರು ಯಾರು ಹೆಣ್ಣು ಕೊಡುತ್ತಾರೆ? ಖಂಡೆಪ್ಪನ ಮಗನಿಗಾದರೆ ಕೊಟ್ಟಾರು, ಆದರೆ ಅದನ್ನು ಹೇಳುವಂತಿಲ್ಲ. ಕಸ್ತೂರಿಬಾಯಿ ಹೆಚ್ಚು ಮಾತಾಡುವವಳಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಒಂದೇ ಸಲ ಹೇಳಿದಳು:

‘ನಾ ಮೂರು ಸಲ ನನ್ನ ಕೂಸು ಅಂದೀನ್ರೀ. ಮೂರೂ ಸಲ ಅಂವ ಕೇಳಿಸ್ಕೊಂಡಾನ.’

ಲಾಲಪ್ಪನಿಗೆ ಇದೆಲ್ಲ ಹಾಸ್ಯ. ಮೆಟ್ರಿಕ್ ಪಾಸಾದವನಿಗೆ ತೌಡಿನಲ್ಲಿ ನಂಬಿಕೆ ಎಲ್ಲಿಂದ ಬರಬೇಕು? ‘ಮೂರು ಮಾತು ಕಾಕಾ. ಇಂವ, ನನ್ನ, ಮಗ. ಸತ್ರ ನಾ ಸಾಯ್ತೀನಿ, ನೀ ಯಾಕ ಅಂಜ್ತಿ?’ ಎಂದ. ಅವನು ಅದನ್ನು ನಗುತ್ತಲೇ ಹೇಳಿದ್ದು. ಖಂಡೆಪ್ಪ ಆ ಹೊತ್ತು ಊಟ ಬಿಟ್ಟು ಎದ್ದ.

ಕೊನೆಗೆ ಅವನೇ ಒಂದು ದಾರಿ ಕಂಡುಕೊಂಡ. ಜೀವಮಾನವೆಲ್ಲ ಗಂಟೆ ಹೊಡೆದವನಿಗೆ ಬೇರೆ ಯಾವ ದಾರಿ ಹೊಳೆಯಬೇಕು? ರೈಲು ಹಳಿಗೆ ಸುತ್ತಿಗೆ ಬಿದ್ದರೆ ಮೋಮಿನಪುರದವರೆಗೆ ಕೇಳಿಸುತ್ತದೆ; ಅದರ ಬುಡದಲ್ಲಿ ಆಡಿದ ಮಾತು ಪಕ್ಕದವನಿಗೂ ಕೇಳಿಸುವುದಿಲ್ಲ. ಆ ಮೂರು ಮಾತನ್ನು ಗಂಟೆಯ ಸದ್ದಿನೊಳಗೆ ಆಡಿಬಿಡಬೇಕು. ಪ್ರಿನ್ಸಿಪಾಲರು ಎದುರಿಗೇ ಕೂತಿರುತ್ತಾರೆ, ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಎಷ್ಟೆಂದರೂ ಓದಿದವರು. ಮೇಲಿನವನಿಗೆ ಮಾತ್ರ ಗದ್ದಲದಲ್ಲಿ ಏನೂ ತಿಳಿಯುವುದಿಲ್ಲ.

ನೀರು ತುಂಬುವ ಚಪರಾಸಿ ಅಂಬಣ್ಣನನ್ನು ಗೊತ್ತುಮಾಡಿದ. ಆಫೀಸಿನ ಕಿಟಕಿಯಲ್ಲಿ ತಾನು ರುಮಾಲಿನಿಂದ ಮುಖ ಒರೆಸಿಕೊಂಡ ಕೂಡಲೇ ಹೊಡೆಯಬೇಕು, ಕೈ ಸೋಲುವವರೆಗೆ ಹೊಡೆಯಬೇಕು. ಅಂಬಣ್ಣ ಒಪ್ಪಿದ. ಎಷ್ಟು ಹೊಡೆತ ಎಂದು ಮಾತ್ರ ಎರಡು ಸಲ ಕೇಳಿದ; ಲೆಕ್ಕವಿಲ್ಲದೆ ಗಂಟೆ ಹೊಡೆಯುವುದು ಅವನಿಗೆ ಸರಿಕಾಣಲಿಲ್ಲ.

ಗುರುವಾರ ಹನ್ನೊಂದರ ಸುಮಾರಿಗೆ ಇಬ್ಬರನ್ನೂ ಒಳಗೆ ಕರೆದರು. ಪ್ರಿನ್ಸಿಪಾಲ್ ಸಾಹೇಬರು ಉತ್ತರದ ಕಡೆಯವರು, ಮೃದು ಮಾತಿನವರು, ಚಪರಾಸಿಗೂ ‘ನೀವು’ ಎನ್ನುವವರು. ಕಾಗದ ನೋಡಿದರು. ಸಾಲಿಯ ದಾಖಲೆಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ, ‘ಪಾಲಕ: ಖಂಡೆಪ್ಪ’ ಎಂದಿದೆ, ಯಾಕೆ ಎಂದು ಕೇಳಿದರು. ಬರೆದುಕೊಂಡ ಮಾಸ್ತರರ ತಪ್ಪಿರಬೇಕು ಎಂದು ನರಸಿಂಹರಾಯರು ನಡುವೆ ಬಾಯಿ ಹಾಕಿದರು. ಸಾಹೇಬರು ತಲೆಯಾಡಿಸಿ, ಹೇಳಿ, ಈ ಹುಡುಗ ನಿಮಗೇನಾಗಬೇಕು ಎಂದರು.

ಖಂಡೆಪ್ಪ ರುಮಾಲು ತೆಗೆದು ಮುಖ ಒರೆಸಿಕೊಂಡ.

ಹೊರಗೆ ಹಳಿ ಗುಡುಗಿತು. ಅಂಬಣ್ಣ ಮಾತಿಗೆ ತಪ್ಪುವವನಲ್ಲ. ಕಿಟಕಿಯ ಗಾಜು ನಡುಗಿತು, ಮಸಿಬಾಟಲಿ ನಡುಗಿತು, ಹುಡುಗರು ತರಗತಿ ಬಿಟ್ಟು ಓಡುವ ಸದ್ದು ಬಂತು. ಆ ಸದ್ದಿನೊಳಗೆ ಖಂಡೆಪ್ಪ ಹೇಳಬೇಕಾದ್ದನ್ನು ಹೇಳಿ, ಹಗುರಾಗಿ ನಿಂತ.

ಸಾಹೇಬರು ಕಿವಿಗೆ ಕೈ ಇಟ್ಟುಕೊಂಡಿದ್ದರು. ಸದ್ದು ಪೂರಾ ಅಡಗುವವರೆಗೂ ಕಾದರು. ಇದು ಯಾವ ಹೊತ್ತಿನ ಗಂಟೆ ಎಂದು ರಾಯರ ಮುಖ ನೋಡಿದರು, ರಾಯರು ಗೋಡೆ ನೋಡಿದರು. ಆಮೇಲೆ ಸಾಹೇಬರು ಖಂಡೆಪ್ಪನತ್ತ ತಿರುಗಿ, ‘ಫಿರ್ ಸೇ ಕಹಿಯೇ’ ಎಂದರು. ಇನ್ನೊಮ್ಮೆ ಹೇಳಿ.

ಈಗ ಎಲ್ಲಿಯೂ ಸದ್ದಿಲ್ಲ. ಹೊರಗೆ ಅಂಬಣ್ಣನ ಕೈ ಸೋತಿತ್ತು. ಖಂಡೆಪ್ಪ ಮತ್ತೆ ಮುಖ ಒರೆಸಿಕೊಂಡ; ಏನೂ ಆಗಲಿಲ್ಲ. ಹುಡುಗನ ಕಡೆ ನೋಡಿದ. ಒಗೆದ ಅಂಗಿ ಹಾಕಿಕೊಂಡು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ತನ್ನದೇ ಮೂಗನ್ನು ಎತ್ತಿ ಹಿಡಿದು ನಿಂತಿದ್ದ. ಖಂಡೆಪ್ಪ ರುಮಾಲು ಮಡಿಚಿ ಹೆಗಲಿಗೆ ಹಾಕಿಕೊಂಡು ಹೇಳಿದ.

‘ಇಂವ ನನ್ನ ಮಗ.’

ಲಾಲಪ್ಪ ಹುಟ್ಟಿದ ಮೇಲೆ ಈ ಮಾತು ಕೇಳಿದ್ದು ಅದೇ ಮೊದಲು. ಮೂರು ದಿನದಿಂದ ನಗುತ್ತಿದ್ದ ಹುಡುಗನ ಮುಖ ಒಮ್ಮೆಲೇ ಏನೋ ಆಯಿತು. ಖಂಡೆಪ್ಪನ ತೋಳು ಹಿಡಿದುಕೊಂಡ.

‘ಕಾಕಾ’ ಎಂದ.

ರಾಯರು ಉರ್ದುವಿನಲ್ಲಿ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದ ಸಾಹೇಬರ ಲೇಖನಿ ನಿಂತಿತು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಕಾಕಾ ಎಂದರೆ ಯಾರೆಂದು ಚೆನ್ನಾಗಿ ಗೊತ್ತಿತ್ತು. ಅಣ್ಣನ ಮಗನನ್ನು ತನ್ನ ಮಗನೆಂದು ತೋರಿಸುವವರನ್ನು ಹಿಡಿಯಲಿಕ್ಕೆಂದೇ ಅಲ್ಲವೇ ಆಜ್ಞೆ ಬಂದದ್ದು? ರಾಯರು ಮೂರೂ ಭಾಷೆಯಲ್ಲಿ ವಿವರಿಸಿದರು. ತೌಡು, ಮೊರ, ಪಿಂಜಾರ, ಜವರಾಯ. ವಿವರಿಸಿದಷ್ಟೂ ಅದು ಹೆಚ್ಚು ಹೆಚ್ಚು ಸುಳ್ಳಿನಂತೆ ಕೇಳಿಸಿತು. ಸಾಹೇಬರು ಸಿಟ್ಟಾಗಲಿಲ್ಲ. ಒಬ್ಬ ಮಗ ಎನ್ನುತ್ತಾನೆ, ಒಬ್ಬ ಕಾಕಾ ಎನ್ನುತ್ತಾನೆ, ಇಬ್ಬರಲ್ಲಿ ಚಿಕ್ಕವನ ಬಾಯಿಗೆ ಸುಳ್ಳಿನ ರೂಢಿ ಕಡಿಮೆ, ಎಂದು ಹೇಳಿ ಅರ್ಜಿಯ ಮೇಲೆ ಎರಡು ಸಾಲು ಬರೆದು ಬದಿಗಿಟ್ಟರು. ಹೊತ್ತಲ್ಲದ ಹೊತ್ತಿಗೆ ಗಂಟೆ ಹೊಡೆದದ್ದಕ್ಕೆ ಅಂಬಣ್ಣನಿಗೆ ಜುಲ್ಮಾನೆ ಬಿತ್ತು.

ದಾರಿಯಲ್ಲಿ ಗುಡಿಯ ಹತ್ತಿರ ಬಂದಾಗ ಲಾಲಪ್ಪ, ‘ಬಾಯಿಗೆ ಬಂದುಬಿಡ್ತು’ ಎಂದ. ‘ಇರಲಿ ಬಿಡು’ ಎಂದ ಖಂಡೆಪ್ಪ. ಅವನ ಚಿಂತೆ ಫೀ ಬಿಟ್ಟು ಬೇರೆ ಕಡೆಗೆ ಹೋಗಿ ಆಗಿತ್ತು. ಮಾಫಿಯೂ ಸಿಗಲಿಲ್ಲ, ಮಾತೂ ಬಾಯಿಂದ ಬಿತ್ತು.

ರಾಯರು ಕೈಬಿಡಲಿಲ್ಲ. ತಿಂಗಳೊಳಗೆ ಹೈದರಾಬಾದಿನಿಂದ ದೊಡ್ಡ ಸಾಹೇಬರು ತಪಾಸಣೆಗೆ ಬರುತ್ತಾರೆ, ಅವರಿಗೆ ಅಪೀಲು ಹಾಕೋಣ. ಕಮಲಾಪುರದ ಪಾಟೀಲರ ಚೀಟಿ, ಕುಲ್ಸುಮ್‌ಳ ಹೆಬ್ಬೆಟ್ಟು ತರಿಸು. ನೀನು ಇನ್ನೊಮ್ಮೆ ಆ ಮಾತು ಹೇಳಬೇಕಾಗುತ್ತದೆ, ಅಷ್ಟೇ ಎಂದರು. ಖಂಡೆಪ್ಪ ಹೂಂ ಎಂದ.

ಆರನೇ ದಿನ ಲಾಲಪ್ಪನಿಗೆ ಚಳಿಜ್ವರ ಬಂತು.

ಸರಕಾರಿ ದವಾಖಾನೆಯ ಡಾಕ್ಟರು ನಾಲಿಗೆ ನೋಡಿ, ಕಣ್ಣು ನೋಡಿ, ಅರ್ಧ ಊರಿಗೆ ಈ ಜ್ವರ ಬಂದಿದೆ, ಮಳೆಗಾಲದ್ದು, ಕ್ವಿನೈನ್ ಕುಡಿಸಿ, ನಾಲ್ಕೈದು ದಿನದಲ್ಲಿ ಇಳಿಯುತ್ತದೆ ಎಂದರು. ಒಳ್ಳೆಯ ಡಾಕ್ಟರ ಮಾತನ್ನು ನಾವು ಎಂದೂ ತೆಗೆದುಹಾಕುವುದಿಲ್ಲ. ಕೈಮುಗಿದು ಕೇಳಿ, ಹೊರಗೆ ಬಂದು ನಮ್ಮ ಮನಸ್ಸಿಗೆ ಬಂದದ್ದು ಮಾಡುತ್ತೇವೆ. ಕಸ್ತೂರಿಬಾಯಿ ಹುಡುಗನ ಹಣೆಯ ಮೇಲಿನ ಕೈ ತೆಗೆಯದೆ ಗಂಡನ ಮುಖ ನೋಡಿದಳು. ಬೈಯಲಿಲ್ಲ. ‘ಕೇಳಿಸ್ಕೊಂಡಾನ’ ಎಂದಳು, ಅಷ್ಟೆ. ಖಂಡೆಪ್ಪ ಹೋಗಿ ಚಕ್ಕಡಿ ಗೊತ್ತುಮಾಡಿಕೊಂಡು ಬಂದ.

ರಾತ್ರಿ ಮಹಾಗಾಂವದಲ್ಲಿ ಉಳಿದು, ಮರುದಿನ ಹೊತ್ತೇರುವ ಮುಂಚೆ ಕಮಲಾಪುರ ಮುಟ್ಟಿದರು. ಕುಲ್ಸುಮ್‌ಗೆ ತಲೆ ಅರ್ಧ ನೆರೆತಿತ್ತು. ಗಾಡಿಯಲ್ಲಿ ಕಂಬಳಿ ಹೊದ್ದು ನಡುಗುತ್ತಿದ್ದ ಹುಡುಗನನ್ನು ನೋಡಿ ಗಾಬರಿಯಿಂದ ಬಂದಳು, ಮುಟ್ಟಿ ನೋಡಿ ಸಮಾಧಾನಗೊಂಡಳು. ‘ಮಳಿಗಾಲದ ಜ್ವರ, ಖಂಡೆಪ್ಪಣ್ಣಾ. ಇದಕ್ಕ ತೌಡು ಯಾಕ? ಗಂಜಿ ಕುಡಸ್ರಿ’ ಎಂದಳು. ಖಂಡೆಪ್ಪ ಅವಳ ಅಂಗಳದ ಮಣ್ಣಿನಲ್ಲಿ ಕೂತುಬಿಟ್ಟ. ಇನ್ನೊಮ್ಮೆ ಕೊಂಡುಕೋ ಎಂದ. ಈ ಸಲ ಸಾಕಲಿಕ್ಕೆಂದು ತಿರುಗಿ ಕೊಡಬೇಡ, ನಿನ್ನ ಕಡೆಯೇ ಇಟ್ಟುಕೋ, ನಮ್ಮ ಬಾಯಿ ನೆಟ್ಟಗಿಲ್ಲ ಎಂದ. ಒಳಗೆ ಹತ್ತಿ ಹಿಂಜುತ್ತಿದ್ದ ಲಾಲ್ ಅಹ್ಮದ್ ಬಿಲ್ಲು ಕೆಳಗಿಟ್ಟು ಹೊರಗೆ ಬಂದ. ಅವನಾಗಲಿ ಕುಲ್ಸುಮ್ ಆಗಲಿ ನಗಲಿಲ್ಲ. ಅವಳು ಒಳಗೆ ಹೋಗಿ ಮೊರ ತುಂಬ ತೌಡು ತಂದಳು.

ಆದರೆ ಹದಿನಾರು ವರ್ಷದವನು ಮೊರದಲ್ಲಿ ಹಿಡಿಸುವುದು ಹೇಗೆ? ತೌಡನ್ನು ಕಸ್ತೂರಿಬಾಯಿಯ ಸೆರಗಿಗೆ ಸುರಿದು, ಖಾಲಿ ಮೊರವನ್ನು ನೆಲದ ಮೇಲಿಟ್ಟು, ಹುಡುಗನನ್ನು ಇಬ್ಬರು ಹಿಡಿದು ಅದರಲ್ಲಿ ಒಂದು ಪಾದ ಇಡಿಸಿದರು. ಮೊರದ ಬಿದಿರು ಚಟಪಟ ಮುರಿಯಿತು. ಜ್ವರದಲ್ಲಿ ಕಣ್ಣು ಕೆಂಪಾಗಿದ್ದ ಲಾಲಪ್ಪ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿದ.

‘ತೂಕ ಮಾಡಿ ತಗೋ ಅಮ್ಮಾ’ ಎಂದ ಕುಲ್ಸುಮ್‌ಗೆ. ‘ಹ್ವಾದ ಸಲಕ್ಕಿಂತ ಭಾರ ಆಗೀನಿ. ಮೆಟ್ರಿಕ್ ಬ್ಯಾರೆ.’

ಕಮಲಾಪುರಕ್ಕೆ ಬಂದ ಮೂರನೇ ದಿನಕ್ಕೆ ಜ್ವರ ಇಳಿಯಿತು, ಡಾಕ್ಟರು ಹೇಳಿದ ಲೆಕ್ಕಕ್ಕೆ ಸರಿಯಾಗಿ. ಖಂಡೆಪ್ಪ ಅದನ್ನು ತೌಡಿನ ಲೆಕ್ಕಕ್ಕೆ ಹಾಕಿ, ಹುಡುಗನನ್ನು ಕುಲ್ಸುಮ್‌ಳ ಕಡೆಯೇ ಬಿಟ್ಟು ಕಲಬುರಗಿಗೆ ತಿರುಗಿದ.

ದೊಡ್ಡ ಸಾಹೇಬರು ಬಂದ ದಿನ ಖಂಡೆಪ್ಪ ಬೆಳಿಗ್ಗೆಯಿಂದ ಬೇವಿನ ಬುಡ ಬಿಟ್ಟು ಕದಲಿರಲಿಲ್ಲ. ಅಪೀಲಿನ ಚೀಟಿ, ಹೆಬ್ಬೆಟ್ಟು ತರಿಸಲು ಅವನು ಕಮಲಾಪುರಕ್ಕೆ ಹೇಳಿಕಳಿಸಿಯೇ ಇರಲಿಲ್ಲ. ಹನ್ನೆರಡರ ಗಂಟೆ ಹೊಡೆದು ತಿರುಗಿದರೆ, ಗೇಟಿನೊಳಗೆ ಲಾಲಪ್ಪ ಬರುತ್ತಿದ್ದ. ಕಾಲು ಮೊಣಕಾಲಿನವರೆಗೆ ಕೆಸರು, ಮೂರು ವಾರದಲ್ಲಿ ಅರ್ಧ ಆಗಿದ್ದ. ಕಂಕುಳಲ್ಲಿ ಬಟ್ಟೆಯಲ್ಲಿ ಸುತ್ತಿದ ಕಾಗದ. ನರಸಿಂಹರಾಯರೇ ಅವನಿಗೆ ಹೇಳಿಕಳಿಸಿದ್ದರು. ಪಾಟೀಲರ ಚೀಟಿಯಿತ್ತು, ಕುಲ್ಸುಮ್‌ಳ ಹೆಬ್ಬೆಟ್ಟು ಇತ್ತು. ಉರ್ದುವಿನಲ್ಲಿ ಅವನೇ ಬರೆದ ಅಪೀಲು ಇತ್ತು, ಸುಂದರವಾದ ಅಕ್ಷರ.

‘ಹಾದಿತುಂಬ ಅಭ್ಯಾಸ ಮಾಡ್ಕೋತ ಬಂದೀನಿ’ ಎಂದ. ‘ಈ ಸಲ ಅಪ್ಪಾ ಅಂತೀನಿ.’

ಖಂಡೆಪ್ಪ ಅವನ ಕೊರಳಿನ ಎಲುಬು ನೋಡಿದ.

ಒಳಗೆ ದೊಡ್ಡ ಸಾಹೇಬರು ಕಾಗದ ಓದಿದರು, ಅಕ್ಷರ ಮೆಚ್ಚಿದರು. ಇಂಥ ಪದ್ಧತಿ ತಮ್ಮ ಅಜ್ಜಿಯ ಊರಿನಲ್ಲೂ ಇತ್ತೆಂದು ಪ್ರಿನ್ಸಿಪಾಲರಿಗೆ ಹೇಳಿದರು. ಎಲ್ಲ ನೆಟ್ಟಗಿತ್ತು. ರಾಯರು ಆಗಲೇ ಮಸಿದೌತಿಯ ಮುಚ್ಚಳ ತೆಗೆದಿಟ್ಟಿದ್ದರು. ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಇನ್ನು ನೀವೊಂದು ಮಾತು ಹೇಳಿದರೆ ಆಯಿತು, ಈತ ನಿಮಗೇನಾಗಬೇಕು ಎಂದರು.

ಖಂಡೆಪ್ಪ ರುಮಾಲು ತೆಗೆಯಲಿಲ್ಲ. ಗಂಟೆಗೆ ಯಾರನ್ನೂ ಗೊತ್ತುಮಾಡಿರಲಿಲ್ಲ. ಈ ಸಲ ಮಾತು ಕೇಳಿಸಬೇಕಾಗಿತ್ತು, ಎಲ್ಲಿ ಮುಟ್ಟಬೇಕೋ ಅಲ್ಲಿ ಮುಟ್ಟಬೇಕಾಗಿತ್ತು. ಸೂರಿನ ಕಡೆ ಮುಖ ಎತ್ತಿ, ಇಡೀ ವರಾಂಡಕ್ಕೆ ಕೇಳುವಂತೆ ಹೇಳಿದ:

‘ನಂಗ ಮಕ್ಕಳಿಲ್ರೀ ಸಾಹೇಬರ. ಇಂವ ಯಾರೋ ನಂಗ ಗೊತ್ತಿಲ್ಲ.’

ಲಾಲಪ್ಪನ ಬಾಯಿ ‘ಅ’ ಎನ್ನಲು ತೆರೆದಿತ್ತು. ಹಾಗೆಯೇ ಸ್ವಲ್ಪ ಹೊತ್ತು ತೆರೆದಿತ್ತು, ಆಮೇಲೆ ಮುಚ್ಚಿತು. ಮೇಜಿನ ಮೇಲಿನ ಕಾಗದ ಎತ್ತಿಕೊಂಡು, ಬಟ್ಟೆಯಲ್ಲಿ ಮೊದಲಿದ್ದಂತೆಯೇ ಸುತ್ತಿ, ಹೊರಗೆ ಹೋದ. ಗೇಟು ದಾಟಿ ಕಮಲಾಪುರದ ಹಾದಿ ಹಿಡಿದ. ಖಂಡೆಪ್ಪನಿಗೆ ಒಂದರ ಗಂಟೆ ಹೊಡೆಯುವುದು ತಡವಾಯಿತು. ನೌಕರಿಯ ಅಷ್ಟೂ ವರ್ಷದಲ್ಲಿ ಅದೊಂದೇ ಸಲ.

ಲಾಲಪ್ಪ ಲಾಲ್ ಅಹ್ಮದನ ಬಿಲ್ಲು ಹಿಡಿದ. ಹತ್ತಿಯ ನಾರು ತಲೆಗೆ, ಹುಬ್ಬಿಗೆ, ಮೂಗಿಗೆ ಹತ್ತಿ, ಹತ್ತೊಂಬತ್ತಕ್ಕೇ ಮುದುಕನಂತೆ ಕಾಣುತ್ತಿದ್ದ. ಖಂಡೆಪ್ಪ ತಿಂಗಳಿಗೊಮ್ಮೆ ಕಮಲಾಪುರಕ್ಕೆ ಹೋಗುವುದನ್ನು ಬಿಡಲಿಲ್ಲ. ಒಳಗೆ ಹೋಗುತ್ತಿರಲಿಲ್ಲ. ಅಂಗಳದಲ್ಲಿ ನಿಂತು, ಒಳಗಿನಿಂದ ಬಿಲ್ಲಿನ ಸದ್ದು ಬರುವುದನ್ನು ಖಾತ್ರಿ ಮಾಡಿಕೊಂಡು, ‘ನಿನ್ನ ಮಗ ಹ್ಯಾಂಗದಾನವ್ವ?’ ಎಂದು ಕುಲ್ಸುಮ್‌ಳನ್ನು ಕೇಳುತ್ತಿದ್ದ. ‘ನನ್ನ ಮಗ ಆರಾಮದಾನ’ ಎನ್ನುತ್ತಿದ್ದಳು ಅವಳು. ಒಳಗೆ ಬಿಲ್ಲು ನಿಂತು ಕೆಮ್ಮು ಕೇಳಿಸಿ, ಮತ್ತೆ ಬಿಲ್ಲು ಶುರುವಾಗುತ್ತಿತ್ತು. ಆ ಕೆಮ್ಮು ನಿಲ್ಲುವವರೆಗೆ ಖಂಡೆಪ್ಪ ಉಸಿರು ಹಿಡಿದು ನಿಂತಿರುತ್ತಿದ್ದ. ತಿರುಗಿ ಬರುವಾಗ ರಾಯರಿಗೆ ಬಾಳೆಹಣ್ಣು ತರುತ್ತಿದ್ದ. ಅಪೀಲಿನ ದಿನದಿಂದ ರಾಯರು ಆ ಹಣ್ಣು ಮುಟ್ಟುತ್ತಿರಲಿಲ್ಲ. ಹಾಗೆಂದು ಬೇಡವೆಂದೂ ಅನ್ನುತ್ತಿರಲಿಲ್ಲ.

ಮುಂದೆ ನಾಲ್ಕು ವರ್ಷಕ್ಕೆ ಲಗ್ನ ಗೊತ್ತಾಯಿತು. ಶರಣಸಿರಸಗಿಯ ಹೆಣ್ಣು. ಹೆಣ್ಣಿನ ಅಪ್ಪ ಇಡೀ ಕತೆ ಕೇಳಿ, ಇಷ್ಟು ಸಲ ಮಾರಿದರೂ ಉಳಿದ ಜೀವ ಗಟ್ಟಿ ಇರಬೇಕು ಎಂದು ಒಪ್ಪಿದ್ದ. ಕಸ್ತೂರಿಬಾಯಿ ತಿಂಗಳ ಮುಂಚೆಯೇ ಹೊಸ ಮೊರ ಕೊಂಡು, ಸಗಣಿ ಸಾರಿಸಿ ಒಣಗಿಸಿದಳು, ಕುಲ್ಸುಮ್‌ಗೆ ಹಸಿರು ಸೀರೆ ತೆಗೆದಳು. ತೌಡನ್ನು ಮೂರು ಸಲ ಜರಡಿ ಹಿಡಿದಳು. ತೌಡನ್ನು ಜರಡಿ ಹಿಡಿಯುವವರನ್ನು ಓಣಿಯವರು ಅದೇ ಮೊದಲು ಕಂಡದ್ದು. ಆದರೆ ಹೊರಡುವ ದಿನ, ನಾ ಹೊಸ್ತಿಲದಾಚೆ ಬರೂದಿಲ್ಲ, ಕರಕೊಂಡು ಬರ್ರಿ ಎಂದು ಒಳಗೆ ಕೂತಳು.

ಖಂಡೆಪ್ಪ ಮೊರ ಹೊತ್ತುಕೊಂಡು ಕಮಲಾಪುರದ ಅಂಗಳಕ್ಕೆ ಬಂದ. ಕುಲ್ಸುಮ್ ಸೀರೆ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡಳು, ತೌಡಿಗೆ ಸೆರಗು ಒಡ್ಡಿದಳು. ಅಷ್ಟರಲ್ಲಿ ಲಾಲಪ್ಪ ಒಳಗಿನಿಂದ ಬಂದ. ಮೈಗೆ ಅರಿಶಿನ ಹಚ್ಚಿದ್ದರು. ಅರಿಶಿನದ ಮೇಲೂ ಅಲ್ಲಲ್ಲಿ ಹತ್ತಿ. ಅವನು ಕುಲ್ಸುಮ್‌ಳ ಕೈ ಹಿಡಿದು ಸೆರಗನ್ನು ಮೆಲ್ಲಗೆ ಕೆಳಗಿಳಿಸಿದ.

‘ಆ ತೌಡು ಎಮ್ಮಿಗಿ ಹಾಕು ಕಾಕಾ’ ಎಂದ. ಸಿಟ್ಟಿನಿಂದಲ್ಲ. ಯಾರೋ ಪರಊರಿನವರಿಗೆ ಹಾದಿ ತೋರಿಸುವಂತೆ ಹೇಳಿ, ಒಳಗೆ ಹೋದ.

ಕುಲ್ಸುಮ್ ಏನೋ ಹೇಳಲಿಕ್ಕೆ ಬಂದಳು. ಖಂಡೆಪ್ಪ ಬೇಡವೆಂದು ಕೈ ಮಾಡಿದ. ಅವನ ಕಿವಿ ಒಳಗಡೆಗೇ ಇತ್ತು, ಕೆಮ್ಮು ಕೇಳಿಸಲಿಲ್ಲ. ಅರಿಶಿನದ ಕಾವಿಗೆ ಎದೆ ಸಡಿಲಾಗಿರಬೇಕು ಎಂದುಕೊಂಡ. ಹಿತ್ತಲಿಗೆ ಹೋಗಿ ಎಮ್ಮೆಯ ಮುಂದೆ ಮೊರ ಇಟ್ಟ. ಮೂರು ಸಲ ಜರಡಿ ಹಿಡಿದ ತೌಡು, ಒಂದು ಕಾಳು ಹೊಟ್ಟಿಲ್ಲ, ಎಮ್ಮೆ ಉಸಿರು ಬಿಡದೆ ತಿಂದಿತು. ಅದು ಮೊರದ ತಳ ನೆಕ್ಕಿ ಮುಗಿಸುವವರೆಗೆ ಕಾದು, ಖಾಲಿ ಮೊರ ಜಾಡಿಸಿ, ಬಿಸಿಲಿಗೆ ತಲೆಯ ಮೇಲೆ ಇಟ್ಟುಕೊಂಡು, ಮರುದಿನದ ಮೊದಲ ಗಂಟೆಗೆ ಮುಟ್ಟಬೇಕೆಂದು ಕಲಬುರಗಿಯ ಹಾದಿಗೆ ಹತ್ತಿದ.